ಎರಡು ಬ್ರೇಕಿನ ಕಾರು, ಹಾರಿಹೋದ ತಂಪು

ಮಾರ್ಚ್ ೧೮, ಮಂಗಳವಾರ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ತಪ್ಪುಗಳೂ ಇರುತ್ತವೆ. ಒತ್ತು ಎಲ್ಲಿ ಕೊಡಬೇಕು ಎಂದು ಗೊತ್ತಾಗದ ಕಡೆ ಅಂದಾಜಿನ ಮೇಲೆ ಕೊಟ್ಟಿದ್ದೇನೆ. ಪ್ರಾಥಮಿಕ ಶಾಲೆ ಬಿಟ್ಟ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ಇದನ್ನು ಓದುವವಳು ನಾನೊಬ್ಬಳೇ ಆದ್ದರಿಂದ ಕ್ಷಮೆಯನ್ನು ನಾನೇ ಕೇಳಿ ನಾನೇ ಕೊಟ್ಟುಕೊಂಡಿದ್ದೇನೆ.

ಬರೆಯಲು ಈ ಪುಸ್ತಕ ಕೊಟ್ಟವರು ಅತ್ತೆ, ನನ್ನ ಸೋದರಮಾವನ ಹೆಂಡತಿ. "ಬಾಯಲ್ಲಂತೂ ಏನೂ ಹೊರಡಲ್ಲ, ಕೈಯಲ್ಲಾದ್ರೂ ಹೊರಡ್ಲಿ" ಎಂದರು.

ಮಾವ ಕಾರು ಓಡಿಸುವುದನ್ನು ಕಲಿಸುತ್ತಾರೆ. ಮನೆಯ ಮುಂಭಾಗದ ಒಂದು ಕೋಣೆ, ಒಂದು ಮೇಜು, ಒಂದು ಕಾರು, ಇಷ್ಟೇ ಶಾಲೆ. ಕಾರಿಗೆ ಎರಡು ಬ್ರೇಕು, ಎರಡು ಕ್ಲಚ್ಚು. ಕಲಿಯುವವರ ಕಾಲಿಗೆ ಒಂದು ಜೊತೆ, ಪಕ್ಕದಲ್ಲಿ ಕೂರುವ ಮಾವನ ಕಾಲಿಗೆ ಒಂದು ಜೊತೆ. ನನ್ನದು ಹಿಂದಿನ ಸೀಟಿನ ಕೆಲಸ. ಹೆಂಗಸರು ಕಲಿಯಲು ಬಂದಾಗ ಜೊತೆಗೆ ಇನ್ನೊಂದು ಹೆಣ್ಣುಜೀವ ಇರಲಿ ಎಂದು ಅತ್ತೆ ನನ್ನನ್ನು ಹಿಂದೆ ಕೂರಿಸುತ್ತಾರೆ. ಕೂತು ಕೂತು ಮಾವನ ಪಾಠವೆಲ್ಲ ಬಾಯಿಪಾಠವಾಗಿದೆ, ಬಾಯಿ ಬಿಟ್ಟು ಮಾತ್ರ ಯಾರಿಗೂ ಹೇಳಿಲ್ಲ. ಬಿಡುವಿನಲ್ಲಿ ಮಾವ ನನಗೂ ಕಲಿಸುತ್ತಿದ್ದಾರೆ. ಲೈಸೆನ್ಸು ಸಿಕ್ಕಿದರೆ ಕಲಿಯುವವರ ಮನೆಬಾಗಿಲಿಗೆ ಕಾರು ಒಯ್ಯುವ ಕೆಲಸ ನನಗೇ ಎಂದಿದ್ದಾರೆ.

ಇವತ್ತು ಮಧ್ಯಾಹ್ನ ನಾನು ಓಡಿಸುತ್ತಿದ್ದೆ. ಕಬ್ಬಿಣದಂಗಡಿಯ ಬೀದಿಯಲ್ಲಿ ನಮ್ಮ ಮುಂದೆ ಪೈಪು ತುಂಬಿದ ಮೂರು ಚಕ್ರದ ಗಾಡಿ ನಿಂತಿತು. ನಾನೂ ನಿಲ್ಲಿಸಿದೆ. ನನ್ನ ಕೈ ಸ್ಟೀರಿಂಗ್ ಮೇಲೆ, ಮಾವನ ಕಾಲು ಬ್ರೇಕಿನ ಮೇಲೆ, ಕಾರು ಕಲ್ಲಿನ ಹಾಗೆ ನಿಂತಿದೆ. ಗಾಡಿ ಇದ್ದಕ್ಕಿದ್ದಂತೆ ಹಿಂದಕ್ಕೆ ಬರತೊಡಗಿತು.

"ಹಾರ್ನ್ ಹೊಡಿ ಗುಬ್ಬಿ" ಎಂದರು ಮಾವ. ನನ್ನನ್ನು ಅವರು ಗುಬ್ಬಿ ಎಂದೇ ಕರೆಯುವುದು.

ಕೈ ಇಟ್ಟೆ. ಒತ್ತಲು ಆಗಲಿಲ್ಲ. ಬೀದಿಯ ತುಂಬ ಜನ. ಎಲ್ಲರೂ ತಿರುಗಿ ನೋಡಿದರೆ ಏನು ಮಾಡುವುದು?

"ಹೊಡಿಯೇ."

ಅಷ್ಟರಲ್ಲಿ ಒಂದು ಪೈಪು ನಮ್ಮ ಕಾರಿನ ಮೂಗಿನೊಳಗೆ ತೂರಿ, ಏನೋ ಹುಡುಕಿ ಸಿಗದ ಹಾಗೆ ಹೊರಗೆ ಬಂತು. ಗಾಡಿಯವನಿಗೆ ಗೊತ್ತೂ ಆಗಲಿಲ್ಲ, ಹೊರಟೇಹೋದ. ಮಾವ ಇಳಿದು ನೋಡಿದರು. ಮುಂದಿನ ಜಾಲರಿಯಲ್ಲಿ ಬೆರಳು ಹೋಗುವಷ್ಟು ತೂತು.

"ಸದ್ಯ, ಏನೂ ಆಗಿಲ್ಲ" ಎಂದರು.

ಮಾರ್ಚ್ ೨೦, ಗುರುವಾರ

ಏನೋ ಆಗಿದೆ. ಎ.ಸಿ. ಹಾಕಿದರೆ ಬಿಸಿಗಾಳಿ ಬರುತ್ತಿದೆ. ಮಧ್ಯಾಹ್ನದ ಪಾಠಕ್ಕೆ ಬರುವ ನರ್ಸಮ್ಮ, ಆಸ್ಪತ್ರೆಯ ಕೆಲಸ ಮುಗಿಸಿ ನೇರ ಇಲ್ಲಿಗೇ ಬರುವವರು, ಮುಖ ಅದಕ್ಕೆ ಒಡ್ಡಿ ಕೂತು ಕೇಳಿದರು: "ಮೇಷ್ಟ್ರೇ, ಇದು ಎ.ಸಿ.ನೋ, ಕೂದಲು ಒಣಗಿಸೋ ಮೆಷಿನ್ನೋ?"

ಮಾವ ನಕ್ಕರು, ನಗು ಕಿವಿಯವರೆಗೆ ಹೋಗಲಿಲ್ಲ.

ಮಾರ್ಚ್ ೨೧, ಶುಕ್ರವಾರ

ನೊರೆ ಮೇಸ್ತ್ರಿಯ ಹತ್ತಿರ ಹೋದೆವು. ಕಾರಿನ ಎ.ಸಿ. ರಿಪೇರಿ ಮಾಡುವವರು. ಯಾವಾಗಲೂ ಸೋಪಿನ ನೊರೆಯ ಬಟ್ಟಲು ಹಿಡಿದೇ ಓಡಾಡುವುದರಿಂದ ಆ ಹೆಸರು. ಗ್ಯಾಸು ಸೋರುವ ಕಡೆ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದಂತೆ.

"ಮೊದಲು ನೊರೆ ಹಚ್ಚಿ ನೋಡೋಣ" ಎಂದರು ಮೇಸ್ತ್ರಿ.

"ನೋಡೋದೇನಿದೆ? ಗ್ಯಾಸ್ ಹಳೇದಾಗಿದೆ. ತುಂಬಿಸಿ ಕಳಿಸಿ, ನನಗೆ ನಾಲ್ಕು ಗಂಟೆ ಪಾಠ ಇದೆ."

"ಅದು ಹಳೇದಾಗೋಕೆ ಹಾಲಲ್ಲ ಮೇಷ್ಟ್ರೇ."

"ನೀವು ತುಂಬಿಸಿ ಅಂದ್ರೆ ತುಂಬಿಸಿ."

ಮೇಸ್ತ್ರಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ತುಂಬಿಸಿದರು. ಮನೆಗೆ ಬರುವಾಗ ಕಾರು ಎಷ್ಟು ತಂಪಾಗಿತ್ತೆಂದರೆ ಮಾವ ಹಾಡು ಗುನುಗಿದರು.

ಮಾರ್ಚ್ ೨೪, ಸೋಮವಾರ

ತಂಪು ಹೋಯಿತು. ಹಾಡೂ ಹೋಯಿತು.

ಈ ಸಲ ಮೇಸ್ತ್ರಿ ಮಾವನನ್ನು ಕೇಳಲೇ ಇಲ್ಲ, ಬಾನೆಟ್ ಎತ್ತಿ ನೊರೆ ಹಚ್ಚಿದರು. ಕಾರಿನ ಮೂಗಿನ ಹಿಂದೆ ಸಣ್ಣ ಸಣ್ಣ ಕೊಳವೆಗಳನ್ನು ಹೆಣೆದ ತಟ್ಟೆಯಂಥದ್ದೊಂದು ಇದೆ. ಬಿಸಿಯಾದ ಗ್ಯಾಸು ಅದರೊಳಗೆ ಹಾದು ಹೋಗುವಾಗ ಆರುತ್ತದಂತೆ. ಅದರ ಹೆಸರು ಕಂಡೆನ್ಸರ್. ಅದರ ನಡುವಿನಿಂದ ಗುಳ್ಳೆಗಳು ಎದ್ದೆದ್ದು ಬಂದವು. ಪೈಪು ತೂರಿದ ಜಾಗವೇ.

"ಇದನ್ನೇ ಬದಲಾಯಿಸಬೇಕು" ಎಂದು ಮೇಸ್ತ್ರಿ ಬೆಲೆ ಹೇಳಿದರು. ಮಾವ ಇನ್ನೊಂದು ಸಲ ಹೇಳಿ ಎಂದರು. ಇನ್ನೊಂದು ಸಲ ಹೇಳಿದರೂ ಅಷ್ಟೇ ಇತ್ತು. ನಮ್ಮ ಕೈಗೆ ಎಟಕುವ ಮಾತಲ್ಲ.

ಅತ್ತೆ ಮಾತ್ರ ಧೈರ್ಯವಾಗಿದ್ದರು. "ಇನ್ಶೂರೆನ್ಸ್ ಕಟ್ಟಿಲ್ವಾ? ವರ್ಷ ವರ್ಷ ಅವರಿಗೆ ಕೊಟ್ಟಿದ್ದು ಯಾತಕ್ಕೆ, ಅವರ ಮುಖ ನೋಡೋಕಾ?"

ಮಾರ್ಚ್ ೨೬, ಬುಧವಾರ

ಮಾವ ಇನ್ಶೂರೆನ್ಸಿನ ಫಾರಂ ತುಂಬಿಸಿದರು. ಅತ್ತೆ ಕನ್ನಡಕ ಹಾಕಿಕೊಂಡು ಮೇಲ್ವಿಚಾರಣೆ ಮಾಡಿದರು. ಏನಾಗಿದೆ ಎಂಬಲ್ಲಿ ಮಾವ, "ಎ.ಸಿ. ಗ್ಯಾಸು ಹೋಗಿದೆ" ಎಂದು ಬರೆದರು. ಆ ಹೊತ್ತಿಗೆ ಓಡಿಸುತ್ತಿದ್ದವರು ಯಾರು ಎಂಬಲ್ಲಿ ಪೆನ್ನು ನಿಂತಿತು.

"ನಿಮ್ಮ ಹೆಸರು ಬರೀರಿ" ಎಂದರು ಅತ್ತೆ.

"ಸ್ಟೀರಿಂಗ್ ಇವಳ ಕೈಲಿತ್ತು."

"ಹಾಗಾದ್ರೆ ಇವಳದ್ದು ಬರೀರಿ."

"ಬ್ರೇಕು ನನ್ನ ಕಾಲಲ್ಲಿತ್ತು. ನಾನು ಸುಳ್ಳು ಬರೆಯೋನಲ್ಲ."

ಬಹಳ ಹೊತ್ತು ಯೋಚಿಸಿ "ಇಬ್ಬರೂ" ಎಂದು ಬರೆದು ಸಹಿ ಹಾಕಿದರು. ನಿಜ ಬರೆದ ಸಮಾಧಾನ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಏಪ್ರಿಲ್ ೪, ಶುಕ್ರವಾರ

ಉತ್ತರ ಬಂತು. ಕೊಡುವುದಿಲ್ಲವಂತೆ. ಗ್ಯಾಸು ಹೋಗುವುದು ಸವೆತವಂತೆ, ಟೈರು ಸವೆದ ಹಾಗೆ, ಅದಕ್ಕೆ ವಿಮೆ ಇಲ್ಲವಂತೆ.

"ಪೈಪು ಚುಚ್ಚಿದ್ದು ಸವೆತನಾ?" ಎಂದು ಮಾವ ಗೋಡೆಯನ್ನು ಕೇಳಿದರು. ಅತ್ತೆ ಒಳಗಿನಿಂದ, "ಪೈಪಿನ ವಿಷಯ ಬರೆದ್ರಾ?" ಎಂದರು.

ಮಾವ ಗೋಡೆಯನ್ನು ಇನ್ನಷ್ಟು ಗಮನವಿಟ್ಟು ನೋಡಿದರು. ಮತ್ತೆ ಪೈಪಿನ ವಿಷಯವೆಲ್ಲ ಬರೆದು ಕಳಿಸಿದ್ದಾಗಿದೆ.

ಏಪ್ರಿಲ್ ೮, ಮಂಗಳವಾರ

ಕಾರಿನೊಳಗೆ ಕೂತರೆ ಸೀಟು ಬೆನ್ನಿಗೆ ಅಂಟಿಕೊಂಡು ನಮ್ಮ ಜೊತೆ ಎದ್ದು ಬರಲು ನೋಡುತ್ತದೆ. ಎದುರು ಸಾಲಿನಲ್ಲಿ ಇನ್ನೊಂದು ಕಲಿಸುವ ಶಾಲೆ ಇದೆ. ಅವರ ಕಾರಿನ ಗಾಜಿನ ಮೇಲೆ ಒಳಗಿನ ತಂಪಿಗೆ ಹನಿ ಕಟ್ಟಿರುತ್ತದೆ. ಮಾವ ಆ ಹನಿಗಳನ್ನು ನೋಡದ ಹಾಗೆ ನೋಡುತ್ತಾರೆ.

ಇವತ್ತು ಅವರಿಗೊಂದು ಉಪಾಯ ಹೊಳೆಯಿತು. ಬಕೆಟ್ಟಿನಲ್ಲಿ ಮಂಜುಗಡ್ಡೆ ತುಂಬಿ ಮುಂದೆ ಇಟ್ಟು, ಅದರ ಮೇಲೆ ಬ್ಯಾಟರಿಯ ಸಣ್ಣ ಫ್ಯಾನು ಕಟ್ಟಿದರು. ಮೊದಲ ತಿರುವಿನವರೆಗೆ ನಿಜಕ್ಕೂ ಚೆನ್ನಾಗಿತ್ತು. ತಿರುವಿನಲ್ಲಿ ಬಕೆಟ್ಟು ನರ್ಸಮ್ಮನ ಕಾಲ ಮೇಲೆ ಮಗುಚಿತು. ಅವರ ಕಾಲು ಬ್ರೇಕಿನಿಂದ ಜಾರಿತು, ಮಾವನ ಕಾಲೂ ಜಾರಿತು, ಎರಡು ಬ್ರೇಕಿದ್ದೂ ಕಾರು ತಾನಾಗಿಯೇ ಹೋಗಿ ಒಂದು ಹುಲ್ಲಿನ ದಿಬ್ಬದ ಮೇಲೆ ಹತ್ತಿ ನಿಂತಿತು.

ನರ್ಸಮ್ಮ ಬೂಟು ಬಿಚ್ಚಿ ನೀರು ಸುರಿದರು. "ಮೇಷ್ಟ್ರೇ, ನಾನು ಕಾರು ಕಲಿಯೋಕೆ ಬಂದಿದ್ದು, ಈಜು ಅಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಸೀಟಿನ ಹಿಂದೆ ಬಗ್ಗಿ ನಕ್ಕೆ.

ಏಪ್ರಿಲ್ ೧೧, ಶುಕ್ರವಾರ

ನರ್ಸಮ್ಮ ಎದುರು ಶಾಲೆಗೆ ಸೇರಿದರು. ಈಗ ಮಧ್ಯಾಹ್ನದ ಪಾಠಕ್ಕೆ ಯಾರೂ ಇಲ್ಲ.

ಊಟದ ಹೊತ್ತಿಗೆ ಮಾವ ತಟ್ಟೆ ನೋಡುತ್ತ ಹೇಳಿದರು: "ಎದುರು ಶಾಲೆಯವನು ಕರೀತಿದ್ದಾನೆ. ಈ ತಿಂಗಳೂ ಹೀಗೇ ಆದ್ರೆ ಕಾರು ಮಾರಿಬಿಡ್ತೀನಿ. ಅಲ್ಲೇ ಹೋಗಿ ಅವನ ಕಾರಲ್ಲಿ ಕಲಿಸ್ತೀನಿ."

ಅತ್ತೆ ಏನೂ ಅನ್ನಲಿಲ್ಲ. ಅತ್ತೆ ಏನೂ ಅನ್ನದಿದ್ದರೆ ವಿಷಯ ನಿಜ.

ಎದುರು ಶಾಲೆಯಲ್ಲಿ ಹಿಂದಿನ ಸೀಟಿನ ಕೆಲಸ ಇಲ್ಲ. ನಾನು ಅಕ್ಕನ ಮನೆಗೆ ವಾಪಸು ಹೋಗಬೇಕು. ಅಲ್ಲಿ ನನ್ನ ಕೆಲಸ ಹೂಂ ಅನ್ನುವುದು. ಅಕ್ಕ ಹೇಳಿದ್ದಕ್ಕೂ ಹೂಂ, ಭಾವ ಹೇಳಿದ್ದಕ್ಕೂ ಹೂಂ. ಇಲ್ಲಿಗೆ ಬರುವ ಮೊದಲು ಹಾಗೇ ಇದ್ದೆ. ಆಗ ಬೇಜಾರು ಎಂದು ಗೊತ್ತಿರಲಿಲ್ಲ. ಈಗ ಮೂರನೇ ಗೇರಿಗೆ ಹಾಕಿದಾಗ ಕಾರು ಹಗುರಾಗುವುದು ಗೊತ್ತಾಗಿಬಿಟ್ಟಿದೆ.

ಏಪ್ರಿಲ್ ೧೫, ಮಂಗಳವಾರ

ಎರಡನೇ ಸಲವೂ ಆಗುವುದಿಲ್ಲ ಎಂದಿದ್ದಾರೆ. ಮಾವನ ಜೊತೆ ಇನ್ಶೂರೆನ್ಸ್ ಆಫೀಸಿಗೆ ಹೋದೆ. ನೀರಿನ ಬಾಟಲಿ ಹಿಡಿದುಕೊಳ್ಳುವುದು ನನ್ನ ಕೆಲಸ.

ಕ್ಲೇಮು ನೋಡುವ ಸಾಹೇಬರು ತೆಳ್ಳಗಿನವರು. ಮೇಜಿನ ಮೇಲಿನ ವಸ್ತುಗಳೆಲ್ಲ ಸ್ಕೇಲು ಇಟ್ಟು ಜೋಡಿಸಿದ ಹಾಗೆ. ಸಿಟ್ಟಿಲ್ಲ, ಗದರುವುದಿಲ್ಲ, ಪ್ರತಿ ಮಾತನ್ನೂ "ಆದ್ರೆ" ಎಂದು ಶುರುಮಾಡುತ್ತಾರೆ.

"ಆದ್ರೆ ಇಲ್ಲಿ 'ಇಬ್ಬರೂ' ಅಂತ ಬರ್ದಿದ್ದೀರಿ."

"ಹೌದು, ಇಬ್ಬರೂ."

"ಆದ್ರೆ ಒಂದು ಕಾರನ್ನ ಇಬ್ಬರು ಓಡಿಸೋಕಾಗಲ್ಲ."

"ನಮ್ಮ ಕಾರಲ್ಲಿ ಆಗುತ್ತೆ ಸಾರ್. ಎರಡು ಬ್ರೇಕಿದೆ."

"ಆದ್ರೆ ಸ್ಟೀರಿಂಗ್ ಒಂದೇ ಅಲ್ವಾ?"

"ಅದಕ್ಕೇ ಅದನ್ನ ಅವಳಿಗೆ ಕೊಟ್ಟಿದ್ದೆ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಆದ್ರೆ ನಂಗೆ ಒಂದು ಹೆಸರು ಬೇಕು. ಕಂಪ್ಯೂಟರಲ್ಲಿ ಒಂದೇ ಹೆಸರಿಗೆ ಜಾಗ ಇರೋದು."

"ನಿಮ್ಮ ಕಂಪ್ಯೂಟರ್ ಚಿಕ್ಕದಾದ್ರೆ ನಾನು ಸುಳ್ಳು ಹೇಳ್ಬೇಕಾ?"

ಸಾಹೇಬರು ನನ್ನ ಕಡೆ ತಿರುಗಿದರು. "ನೀವು ಯಾರಮ್ಮ?"

ಕೈಯಲ್ಲಿದ್ದ ಬಾಟಲಿಯನ್ನು ಅವರಿಗೆ ಚಾಚಿದೆ. ಅವರು ಥ್ಯಾಂಕ್ಸ್ ಹೇಳಿ ಒಂದು ಗುಟುಕು ಕುಡಿದರು. ಅಷ್ಟೇ ನಾನು ಮಾಡಿದ ಸಹಾಯ. ಮಾವ ಮನೆಗೆ ಬಂದು, ಆ ಆಫೀಸಿನ ಮೆಟ್ಟಿಲು ಇನ್ನು ತುಳಿಯುವುದಿಲ್ಲ ಎಂದು ಶಪಥ ಮಾಡಿದರು. ಅತ್ತೆ ಸಾಹೇಬರಿಗೆ 'ಆದ್ರೆ ಸಾಹೇಬರು' ಎಂದು ಹೆಸರಿಟ್ಟರು.

ಏಪ್ರಿಲ್ ೧೭, ಗುರುವಾರ

ಮಾವ ಶಪಥದಲ್ಲಿದ್ದಾರೆ. ಅತ್ತೆ ಅಲ್ಲಿಗೆ ಹೋದರೆ ಜಗಳವಾಡದೆ ಬರುವುದಿಲ್ಲ ಎಂದು ಅವರೇ ಹೇಳುತ್ತಾರೆ. ಉಳಿದವಳು ನಾನು.

"ಫೋನಾದ್ರೂ ಮಾಡೇ" ಎಂದರು ಅತ್ತೆ.

ಬಾಗಿಲು ಹಾಕಿಕೊಂಡು ಮಾಡಿದೆ. ಆ ಕಡೆಯ ಹೆಂಗಸು ಬಹಳ ಪ್ರೀತಿಯಿಂದ ನಮಸ್ಕಾರ ಎಂದಳು. ನಾನೂ "ನಮಸ್ಕಾರ ಅಮ್ಮ, ಚೆನ್ನಾಗಿದ್ದೀರಾ" ಎಂದೆ. ಅವಳು ಒಂದನ್ನು ಒತ್ತಿ ಎಂದಳು. ಒತ್ತಿದೆ. ಎರಡನ್ನು ಒತ್ತಿ ಎಂದಳು. "ಸರಿ ಅಮ್ಮ" ಎಂದು ಒತ್ತಿದೆ. ಆಮೇಲೆ ಸಂಗೀತ ಬಂತು.

ಬಾಗಿಲ ಆಚೆ ಅತ್ತೆ ಬಿದ್ದು ಬಿದ್ದು ನಗುತ್ತಿದ್ದರು. "ಅದು ಮೆಷಿನ್ ಕಣೇ."

ಮೆಷಿನ್ ಆದರೇನು, ಒಳ್ಳೆಯವಳು. ನಾನು ತಡವರಿಸಿದರೆ ಕಾಯುತ್ತಾಳೆ. ಮತ್ತೆ ಮಾಡಿ, ಸಂಗೀತ ಬರುವಾಗ ಪೈಪಿನ ಕತೆಯೆಲ್ಲ ಹೇಳಿದೆ. ಅವಳು ಮಧ್ಯೆ ಬಾಯಿ ಹಾಕಲಿಲ್ಲ.

ಏಪ್ರಿಲ್ ೧೯, ಶನಿವಾರ

ಮೆಷಿನಮ್ಮನಿಗೆ ಕತೆ ಮತ್ತೆ ಹೇಳಿದೆ. ಈ ಸಲ ಇನ್ನೂ ಚೆನ್ನಾಗಿ ಬಂತು. ನಡುವೆ ಸಂಗೀತ ನಿಂತು ನಿಜವಾದ ಗಂಡಸೊಬ್ಬ "ಹಲೋ" ಎಂದ. ಮಾತು ಅರ್ಧದಲ್ಲಿತ್ತಲ್ಲ, ನಿಲ್ಲಿಸಲು ಆಗದೆ ಕೊನೆಯವರೆಗೂ ಹೇಳಿಬಿಟ್ಟೆ. ಪಾಪ, ಕೇಳಿಸಿಕೊಂಡ. ಬುಧವಾರ ಆಫೀಸಿಗೆ ಬನ್ನಿ ಎಂದ.

ಅತ್ತೆಯ ಕಾಲುಚೀಲ ಹರಿದಿತ್ತು, ಹೊಲಿದೆ.

ಏಪ್ರಿಲ್ ೨೩, ಬುಧವಾರ

ಒಬ್ಬಳೇ ಹೋದೆ. ಸಾಲಿನಲ್ಲಿ ನಿಂತೆ. ಒಬ್ಬ ದಪ್ಪ ಮೀಸೆಯವರು ಪಕ್ಕದಿಂದ ತೂರಿ ನನ್ನ ಮುಂದೆ ನಿಂತರು. "ಅಣ್ಣಾ, ಸಾಲಿನ ಬಾಲ ಅಲ್ಲಿದೆ" ಎಂದೆ. ಹೋದರು. ಬಿಸಿಲಿಗೆ ತಲೆ ಸುಸ್ತಾಗಿತ್ತು, ಅದಕ್ಕೇ ಹಾಗೆ ಅಂದೆನೋ ಏನೋ.

ಆದ್ರೆ ಸಾಹೇಬರಿಗೆ ನನ್ನ ಗುರುತು ಸಿಕ್ಕಿತು. "ನೀರು ಕೊಟ್ಟೋರಲ್ವಾ? ಕೂತ್ಕೊಳ್ಳಿ. ಆದ್ರೆ ಆವತ್ತಿನ ಪ್ರಶ್ನೆ ಹಾಗೇ ಇದೆ. ಓಡಿಸ್ತಿದ್ದೋರು ಯಾರು? ಒಂದು ಹೆಸರು ಹೇಳಿ, ಮುಂದಕ್ಕೆ ಕಳಿಸ್ತೀನಿ."

ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಿದ್ದೆ. ಹೊಸಬರು ಬಂದ ಮೊದಲ ದಿನ ಮಾವ ಒಂದು ಮಾತು ಹೇಳುತ್ತಾರೆ: ಚಕ್ರ ತಿರುಗಿದರೆ ಓಡಿಸುವುದು, ತಿರುಗದಿದ್ದರೆ ಕೂರುವುದು. ಕೆಲವರು ನಿಂತ ಕಾರಿನಲ್ಲೇ ಸ್ಟೀರಿಂಗ್ ತಿರುಗಿಸಿ ಖುಷಿಪಡುತ್ತಾರಲ್ಲ, ಅವರಿಗಾಗಿ.

"ಯಾರೂ ಓಡಿಸ್ತಿರಲಿಲ್ಲ ಸಾರ್" ಎಂದೆ.

"ಹಾಗಂದ್ರೆ?"

"ಕಾರು ನಿಂತಿತ್ತು. ಮುಂದಿನ ಗಾಡಿ ಹಿಂದಕ್ಕೆ ಬಂದು ಚುಚ್ಚಿದ್ದು. ನಾವಿಬ್ಬರೂ ಸುಮ್ಮನೆ ಕೂತಿದ್ವಿ."

ಸಾಹೇಬರು ಫಾರಂ ತಿರುಗಿಸಿ ನೋಡಿದರು, ಮತ್ತೆ ಮಗುಚಿ ನೋಡಿದರು. "ನಿಂತಿತ್ತು ಅಂತ ನೀವು ಹೇಳಲೇ ಇಲ್ವಲ್ಲ."

"ನೀವು ಕೇಳಲೇ ಇಲ್ವಲ್ಲ ಸಾರ್."

"ಆದ್ರೆ..." ಎಂದರು. ನಾನು ಕಾದೆ. ಅವರು ಮೇಜಿನ ಡ್ರಾಯರು ಎಳೆದು ಹುಡುಕಿದರು. ನಿಂತ ಗಾಡಿಗೆ ಬೇರೆಯೇ ಫಾರಂ ಇದೆ, ಅದರಲ್ಲಿ ಈ ಪ್ರಶ್ನೆಯೇ ಇಲ್ಲ ಎಂದರು. ನನಗೆ ಸಿಟ್ಟು ಬರಲಿಲ್ಲ, ಅವರಿಗೂ ಪಾಪ ಈಗಲೇ ಹೊಳೆದ ಹಾಗಿತ್ತು. ಕಾರನ್ನು ಕಣ್ಣಾರೆ ನೋಡಲು ತಾವೇ ಬರುತ್ತಾರಂತೆ.

ಮನೆಗೆ ಬಂದು ಹೇಳಿದೆ. ಮಾವ "ನಿಂತೇ ಇತ್ತು ಅಲ್ವಾ" ಎಂದರು. ಆಮೇಲೆ, "ನಾನು ಹೇಳಿಕೊಟ್ಟ ಪಾಠ" ಎಂದು ಅತ್ತೆಗೆ ಹೇಳಿದರು. ರಾತ್ರಿ ಊಟದವರೆಗೆ ಇನ್ನೂ ನಾಲ್ಕಾರು ಸಲ ಹೇಳಿದರು.

ಏಪ್ರಿಲ್ ೨೮, ಸೋಮವಾರ

ಬೆಳಿಗ್ಗೆ ಲೈಸೆನ್ಸಿನ ಪರೀಕ್ಷೆ ಇತ್ತು, ಪಾಸಾಯಿತು. ಮಧ್ಯಾಹ್ನ ಮೇಸ್ತ್ರಿಯ ಹತ್ತಿರ ಹೋಗಿ ಕಂಡೆನ್ಸರ್ ಅಂಗಡಿಯಲ್ಲಿ ಇದೆಯಾ ಎಂದು ಕೇಳಿದೆ. ತರಿಸಲು ವಾರವಾಗುತ್ತದೆ ಎಂದರು. ಈಗಲೇ ತರಿಸಿಟ್ಟುಕೊಳ್ಳಿ, ನಾವು ಬೇಡ ಎಂದರೆ ಬೇರೆಯವರಿಗೆ ಹಾಕಿ ಎಂದೆ. "ನಿಮ್ಮ ಮಾವ ಒಪ್ತಾರಾ?" ಎಂದರು. ಕೇಳಲು ಮರೆತಿದ್ದೆ.

ಮೇ ೨, ಶುಕ್ರವಾರ

ಆದ್ರೆ ಸಾಹೇಬರು ಬಸ್ಸಿನಲ್ಲಿ ಬಂದರು, ಕೊಡೆ ಹಿಡಿದು. ಟೇಪು ಹಿಡಿದು ತೂತಿನ ಎತ್ತರ ಅಳೆದರು. ಆಮೇಲೆ ಆ ಬೀದಿಯನ್ನೂ ನೋಡಬೇಕು ಎಂದರು. ಮಾವ ಕಾರಿನ ಕೀ ನನಗೆ ಕೊಟ್ಟು, ತಾವು ಪಕ್ಕದಲ್ಲಿ ಕೂತರು. ಸಾಹೇಬರು ನನ್ನ ಜಾಗದಲ್ಲಿ, ಹಿಂದೆ.

ಕಿಟಕಿಗಳನ್ನೆಲ್ಲ ನಾನೇ ಏರಿಸಿದೆ. ಧೂಳು ಬರುತ್ತದೆ ಎಂದು. ಧೂಳು ಅಷ್ಟೇನೂ ಇರಲಿಲ್ಲ.

ಕನ್ನಡಿಯಲ್ಲಿ ನೋಡಿದರೆ ಸಾಹೇಬರ ಮುಖ ಬೇಯಿಸಿದ ಗೆಣಸಿನ ಹಾಗಾಗಿತ್ತು. ಕೈ ಬಾಗಿಲ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿತ್ತು. ಒಬ್ಬ ಸೈಕಲ್ಲಿನವನು ಅಡ್ಡ ಬಂದ, ಹಾರ್ನ್ ಹೊಡೆದೆ, ಸರಿದ. ಸಾಹೇಬರು ಕಣ್ಣು ಮುಚ್ಚಿಕೊಂಡರು. ಮಾವ ಯಾಕೋ ನನ್ನ ಕಡೆಯೇ ನೋಡುತ್ತಿದ್ದರು.

"ಸಾರ್, ನಿಮ್ಮದು ಯಾವ ಕಾರು?" ಎಂದು ಕೇಳಿದೆ, ಹೆದರಿಕೆ ಹೋಗಲಿ ಎಂದು.

"ನಂಗೆ ಓಡಿಸೋಕೆ ಬರಲ್ಲ."

ಮಾವ ಸೀಟಿನಲ್ಲೇ ಪೂರ್ತಿ ಹಿಂದಕ್ಕೆ ತಿರುಗಿದರು. "ಕಾರಿನ ಕ್ಲೇಮು ನೋಡೋರು ನೀವು."

"ಅದಕ್ಕೇ ಮೇಷ್ಟ್ರೇ. ಬೆಳಗಿಂದ ಸಂಜೆ ತನಕ ನಾನು ಓದೋದು ಏನು ಹೇಳಿ? ಗುದ್ದಿದ್ದು, ಉರುಳಿದ್ದು, ಹಳ್ಳಕ್ಕೆ ಬಿದ್ದಿದ್ದು. ಸುಖವಾಗಿ ಮನೆ ಸೇರಿದೋರು ಯಾರೂ ನಮಗೆ ಬರೆಯಲ್ಲ."

ಆ ಮಾತು ಕೇಳಿ ನನಗೆ ಅವರ ಮೇಲಿನ ಬೇಸರ ಅರ್ಧ ಇಳಿಯಿತು. ಕಿಟಕಿ ಇಳಿಸಿದೆ.

ಇಳಿಯುವಾಗ ಅವರು ಮೆಲ್ಲಗೆ ಕೇಳಿದರು: "ನನ್ನ ವಯಸ್ಸಿನೋರಿಗೂ ಕಲಿಸ್ತೀರಾ?"

ಮಾವ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಕಲಿಸ್ತೀವಿ ಸಾರ್. ಆದ್ರೆ ಈಗಲ್ಲ. ನಮ್ಮ ಕ್ಲೇಮು ಮುಗೀಲಿ. ಈಗ ಸೇರಿಸ್ಕೊಂಡ್ರೆ ನಿಮಗೂ ಕೆಟ್ಟ ಹೆಸರು, ನಮಗೂ ಕೆಟ್ಟ ಹೆಸರು."

ಸಾಹೇಬರು ಕೊಡೆ ಬಿಚ್ಚಿಕೊಂಡು ಹೊರಟರು. ಅವರ ಮಾತು ನನ್ನ ಬಾಯಿಗೆ ಅಂಟಿಕೊಂಡಿದೆ ಎಂದು ಅತ್ತೆ ಹೇಳಿದ ಮೇಲೇ ಗೊತ್ತಾಯಿತು.

ಮೇ ೮, ಗುರುವಾರ

ಕಂಡೆನ್ಸರಿಗೆ ಒಪ್ಪಿಗೆ ಬಂತು. ಮಾವ ಕಾಗದವನ್ನು ನಿಂತು ಓದಿದರು, ಕೂತು ಓದಿದರು. ಮೂರನೇ ಸಲ ಓದುವಾಗ ಕೊನೆಯ ಸಾಲು ಕಣ್ಣಿಗೆ ಬಿತ್ತು. ಗ್ಯಾಸಿಗೆ ಕೊಡುವುದಿಲ್ಲ. ಗ್ಯಾಸು ಖರ್ಚಾಗುವ ವಸ್ತು, ಪೆಟ್ರೋಲಿನ ಹಾಗೆ.

ಫೋನು ಮಾಡಿದೆ. ಮೆಷಿನಮ್ಮ ನಮಸ್ಕಾರ ಎಂದಳು. ಅವಳಿಗೆ ಉತ್ತರ ಕೊಡಲು ಹೊತ್ತಿಲ್ಲದೆ ಒಂದು, ಎರಡು ಒತ್ತಿ ನೇರ ಸಾಹೇಬರನ್ನೇ ಹಿಡಿದೆ.

"ಸಾರ್, ಪೆಟ್ರೋಲ್ ಉರಿದು ಹೋಗುತ್ತೆ. ಈ ಗ್ಯಾಸು ಎಲ್ಲಿಗೂ ಹೋಗಲ್ಲ, ಒಳಗೇ ಸುತ್ತುತ್ತಿರುತ್ತೆ ಅಂತ ಮೇಸ್ತ್ರಿ ಹೇಳ್ತಾರೆ. ತೂತಾದ್ರೆ ಮಾತ್ರ ಹೋಗೋದು. ನಮ್ಮದು ತೂತಾಗಿ ಹೋಗಿದ್ದು."

"ಗೊತ್ತಮ್ಮ. ನಾನೇ ಮೇಲಿನವರಿಗೆ ಅದನ್ನ ಬರೆದೆ. ಆದ್ರೆ ಒಪ್ಪಲಿಲ್ಲ."

"ಹಾಗಾದ್ರೆ ಕೊಡ ಒಡೆದಿದ್ದಕ್ಕೆ ಕೊಡ ಕೊಟ್ಟು, ನೀರು ನೀವೇ ಕುಡಿದುಬಿಟ್ರಿ ಅಂದ ಹಾಗಾಯ್ತು."

ಆ ಕಡೆಯಿಂದ ಏನೋ ಸದ್ದು ಬಂತು. ಕೆಮ್ಮೋ ನಗುವೋ ತಿಳಿಯಲಿಲ್ಲ. "ನಾನು ನೀರೂ ಕೊಡಿ ಅಂತಲೇ ಬರೆದಿದ್ದೆ" ಎಂದರು. ಅದರ ಹಿಂದೆ 'ಆದ್ರೆ' ಬರಲಿಲ್ಲ.

ಗ್ಯಾಸಿನ ಖರ್ಚು ಹೇಗೋ ನಮ್ಮ ಕೈಗೆ ಎಟಕುವಂಥದ್ದೇ. ಮಾವ ಮಾತ್ರ ಪಟ್ಟು ಹಿಡಿದು ಕೂತಿದ್ದಾರೆ. "ಒಂದು ತೊಟ್ಟು ತುಂಬಿಸಲ್ಲ. ಕೋರ್ಟಿಗೆ ಹೋಗ್ತೀನಿ. ನ್ಯಾಯ ಸಿಗೋವರೆಗೂ ಕಾರು ಹೀಗೇ ಇರಲಿ."

ಅತ್ತೆ ಬಟ್ಟೆ ಮಡಿಸುತ್ತ ಹೇಳಿದರು: "ಇರ್ಲಿ ಬಿಡಿ. ಮಳೆಗಾಲ ಬಂದ್ಮೇಲೆ ನ್ಯಾಯ ಸಿಗುತ್ತೆ. ಮಡಿಸಿ ಬೀರುವಿನಲ್ಲಿ ಇಟ್ಕೊಳ್ಳೋಣ. ಅಷ್ಟೊತ್ತಿಗೆ ನೀವು ಎದುರು ಶಾಲೆಯಲ್ಲಿ ಇರ್ತೀರಿ, ಇವಳು ಅವಳಕ್ಕನ ಮನೆಯಲ್ಲಿ ಹೂಂ ಅಂತಿರ್ತಾಳೆ."

ಹೂಂ ಅನ್ನುವ ವಿಷಯ ಅತ್ತೆಗೆ ಹೇಗೆ ಗೊತ್ತೋ. ನಾನು ಯಾರಿಗೂ ಹೇಳಿಲ್ಲ.

ಮಾವ ನನ್ನ ಕಡೆ ನೋಡಿದರು. ಮುಂಚಿನ ಹಾಗೆ ನೆಲ ನೋಡೋಣ ಎಂದುಕೊಂಡೆ. ನೋಡಲಿಲ್ಲ.

"ನಂಗೆ ಹೋಗೋಕೆ ಇಷ್ಟ ಇಲ್ಲ ಮಾವ" ಎಂದೆ.

ಅವರು ಎದ್ದು ಚಪ್ಪಲಿ ಹಾಕಿಕೊಂಡರು. "ಮೇಸ್ತ್ರಿ ಅಂಗಡಿ ಎಷ್ಟೊತ್ತಿಗೆ ತೆಗೀತಾನೆ ನಾಳೆ?"

ಮೇ ೧೨, ಸೋಮವಾರ

ಹಳೆಯ ಕಂಡೆನ್ಸರ್ ಬಿಚ್ಚಿದರು. ಹೊಸದು ಹಾಕಿದರು. ಈ ಸಲ ಮಾವನೇ ಹೇಳಿದರು: "ತುಂಬಿಸೋ ಮೊದಲು ನೊರೆ ಹಚ್ಚಿ ನೋಡೋಣ ಮೇಸ್ತ್ರಿ." ಮೇಸ್ತ್ರಿ ಕೈಯಲ್ಲಿದ್ದ ಬ್ರಷ್ಷು ಹಾಗೇ ಹಿಡಿದು ಮಾವನನ್ನು ಸ್ವಲ್ಪ ಹೊತ್ತು ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಗ್ಯಾಸು ತುಂಬಿಸಿದರು.

ತಂಪು.

ಮನೆಮುಂದೆ ನಿಲ್ಲಿಸಿ, ಅತ್ತೆಯನ್ನೂ ಕರೆದು, ಮೂವರೂ ಸುಮ್ಮನೆ ಒಳಗೆ ಕೂತೆವು. ಎಲ್ಲಿಗೂ ಹೋಗಲಿಲ್ಲ. ಅತ್ತೆ ತರಕಾರಿ ತಟ್ಟೆಯನ್ನೂ ತಂದು ಅಲ್ಲೇ ಹೆಚ್ಚಿದರು. ಗಾಜಿನ ಮೇಲೆ ಹನಿ ಕಟ್ಟಿತು. ಮಾವ ಇಳಿದು ಹೊರಗಿನಿಂದ ಅದರ ಮೇಲೆ ಬೆರಳಲ್ಲಿ ಏನೋ ಬರೆದು, ನಾನು ನೋಡುವುದರೊಳಗೆ ಒರೆಸಿದರು.

ಮೇ ೧೪, ಬುಧವಾರ

ನರ್ಸಮ್ಮ ವಾಪಸು ಬಂದರು. ಎದುರು ಶಾಲೆಯ ಮೇಷ್ಟ್ರು ಮಾತೇ ಆಡುವುದಿಲ್ಲವಂತೆ. "ಬಯ್ಯಿಸಿಕೊಳ್ಳದೆ ಕಲಿತ ಹಾಗೇ ಆಗಲ್ಲ" ಎಂದರು. ಮಾವ ಮೊದಲ ತಿರುವಿನಲ್ಲೇ ಬಾಯಿ ತುಂಬ ಬಯ್ದರು. ನರ್ಸಮ್ಮನಿಗೆ ಬಹಳ ಸಮಾಧಾನವಾಯಿತು.

ಇವತ್ತು ಅವರಿಗೆ ಆಸ್ಪತ್ರೆ ರಜೆ, ಕಾರನ್ನು ಅವರ ಮನೆಬಾಗಿಲಿಗೆ ಒಯ್ದವಳು ನಾನು.

ಮೇ ೧೯, ಸೋಮವಾರ

ಕ್ಲೇಮಿನ ಕಡತ ಮುಚ್ಚಿದೆ ಎಂದು ಕಾಗದ ಬಂದದ್ದು ಶನಿವಾರ. ಇವತ್ತು ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಆದ್ರೆ ಸಾಹೇಬರು ಕೊಡೆ ಹಿಡಿದು ನಿಂತಿದ್ದರು, ಆಫೀಸಿಗೆ ಹೋಗುವ ಮೊದಲಿನ ಪಾಠಕ್ಕೆ. ಹೊಸ ಬೂಟು ಹಾಕಿದ್ದರು. ಗಂಡಸರ ಪಾಠಕ್ಕೆ ನಾನು ಹೋಗುವುದಿಲ್ಲ, ಅವರೇ, "ಆ ಹುಡುಗಿ ಹಿಂದೆ ಕೂತಿರಲಿ ಮೇಷ್ಟ್ರೇ, ಧೈರ್ಯಕ್ಕೆ" ಎಂದರು. ಕೂತೆ.

ಮಾವ ಚಕ್ರ ತಿರುಗುವ ಪಾಠ ಹೇಳಿದರು. ಸಾಹೇಬರು ತಲೆಯಾಡಿಸಿದರು, ಸ್ಟೀರಿಂಗನ್ನು ಕಚ್ಚುವ ನಾಯಿಯ ಹಾಗೆ ದೂರದಿಂದ ಹಿಡಿದುಕೊಂಡರು. ನಿಂತ ಕಾರಿನ ಎಂಜಿನ್ ಶುರುವಾಯಿತು. ತಂಪು ಗಾಳಿ ಬಂತು. ಬೆಳಗಿನ ಹೊತ್ತು, ಹೊರಗೆ ಇನ್ನೂ ಬಿಸಿಲೇರಿರಲಿಲ್ಲ.

"ಆದ್ರೆ ಮೇಷ್ಟ್ರೇ, ಸ್ವಲ್ಪ ಚಳಿ ಆಗ್ತಿದೆ" ಎಂದರು ಸಾಹೇಬರು. "ಎ.ಸಿ. ಆರಿಸಿ ಕಿಟಕಿ ತೆಗೆಯೋಣವಾ?"

ಕಲಿಯುವವರು ಏನು ಕೇಳಿದರೂ ಮಾವ ಇಲ್ಲ ಅನ್ನುವವರಲ್ಲ. ಅವರ ಕೈ ಗುಂಡಿಯ ಕಡೆ ಹೋಯಿತು.

"ಕೈ ತೆಗೀರಿ ಮಾವ" ಎಂದೆ.

ಮಾವ ತೆಗೆದರು. ಸಾಹೇಬರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನೂ ನೋಡಿದೆ.

"ಇರಿ ಸಾರ್, ಬಂದೆ" ಎಂದು ಇಳಿದು ಒಳಗೆ ಹೋದೆ. ಅತ್ತೆಯ ಹೂವಿನ ಶಾಲು ತಂದು, ಸಾಹೇಬರ ಎರಡೂ ಹೆಗಲಿಗೆ ಬರುವ ಹಾಗೆ ಹೊದಿಸಿ, ನನ್ನ ಸೀಟಿಗೆ ಹೋಗಿ ಬಾಗಿಲು ಹಾಕಿಕೊಂಡೆ.